ಕಾಯಿಯಾ ಹಣ್ಣಾ, ಸರಿ ಹೇಳು ಮಾರಾಯ

ನಮ್ಮ ಹಿತ್ತಿಲಲ್ಲಿ ಒಂದು ಕ್ವಿನ್ಸ್ ಮರ ಇದೆ. ನಾವು ನೆಟ್ಟದ್ದಲ್ಲ, ಇಂಗ್ಲೆಂಡಿನ ಚೆಷೈರಿನಲ್ಲಿ ಈ ಮನೆ ಕೊಂಡಾಗ ಅದರ ಜೊತೆಗೇ ಬಂದದ್ದು. ಈ ಸಲ ಅಕ್ಟೋಬರ್ ಕೊನೆಗೆ ಕೊಯ್ದು ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಬುಟ್ಟಿ ಇಟ್ಟು ನೋಡಿದರೆ 31 ಕಿಲೋ. ಮನೆಯಲ್ಲಿ ತಿನ್ನುವವರು ಮೂರು ಜನ.

ಪುತ್ತೂರಿಗೆ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ತೋರಿಸಿದೆ. ಪೇರಳೆಯಷ್ಟು ಹಳದಿ, ಸೊಟ್ಟಪಟ್ಟ ಆಕಾರ, ಮೈಮೇಲೆಲ್ಲ ಬೂದು ಬಣ್ಣದ ನವಿರು ರೋಮ. ಅಮ್ಮ ಕೇಳಿದ್ದು ಒಂದೇ: "ಅದು ಕಾಯಿಯಾ ಹಣ್ಣಾ, ಸರಿ ಹೇಳು ಮಾರಾಯ."

ನನಗೆ ಹೇಳಲಿಕ್ಕಾಗಲಿಲ್ಲ. ಪರಿಮಳ ಕೇಳಿದರೆ ಹಣ್ಣೇ. ನಾಲ್ಕು ಕಾಯಿ ಮೇಜಿನ ಮೇಲಿಟ್ಟರೆ ಕೋಣೆ ಇಡೀ ಘಮ್ ಅನ್ನುತ್ತದೆ. ಸೇಬಿನ ಪಕ್ಕ ಇಟ್ಟರೆ ಸೇಬಿಗೂ ಅದೇ ವಾಸನೆ ಹತ್ತುತ್ತದೆ. ಆದರೆ ಕಚ್ಚಿದರೆ ಬಲಿಯದ ಗೇರುಹಣ್ಣಿನ ಒಗರು, ನಾಲಿಗೆ ಒಣಗಿ ಅಂಟಿಕೊಳ್ಳುತ್ತದೆ. ಬಿಸಿಲಿನ ದೇಶಗಳಲ್ಲಿ ಕೆಲವು ಜಾತಿ ಹಸಿಯಾಗಿಯೇ ತಿನ್ನುವಷ್ಟು ಮೆತ್ತಗಾಗುತ್ತವಂತೆ. ಇಲ್ಲಿಯ ತಂಪಿಗೆ ಅದು ಆಗುವ ಮಾತಲ್ಲ. ತಿಂಗಳು ಗಟ್ಟಲೆ ಇಟ್ಟರೂ ಕತ್ತಿ ಇಳಿಯಬೇಕಾದರೆ ಮೈಭಾರ ಹಾಕಬೇಕು.

ಅಮ್ಮನ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ನಮ್ಮ ಕಡೆ ಬೆಳೆ ಹೆಚ್ಚಾದಾಗ ಮೊದಲು ಇತ್ಯರ್ಥ ಆಗುವುದೇ ಇದು. ಹಲಸನ್ನೇ ನೋಡಿ. ಎಳೆಯದು ಗುಜ್ಜೆ, ಪಲ್ಯಕ್ಕೆ. ಬಲಿತ ಸೊಳೆ ಉಪ್ಪುನೀರಿನ ಭರಣಿಗೆ, ಆಟಿ ತಿಂಗಳ ಮಳೆಗೆ. ಹಣ್ಣಾದರೆ ಕಡುಬು, ಅದೂ ಮಿಕ್ಕಿದರೆ ಬೆಲ್ಲ ಹಾಕಿ ಕಾಯಿಸಿ ಬೆರಟಿ. ಬೀಜ ಬೇಯಿಸಿ ಒಣಗಿಸಿ ಸಾಂತಾಣಿ. ಒಂದೇ ಮರ, ನಾಲ್ಕು ದಾರಿ. ಇಂಗ್ಲಿಷಿನಲ್ಲಿ ಕಾಯಿಗೂ ಹಣ್ಣಿಗೂ ಒಂದೇ ಪದ. ಅದಕ್ಕೇ ಇರಬೇಕು, ಇಲ್ಲಿಯವರಿಗೆ ಕ್ವಿನ್ಸ್ ಕಂಡ ಕೂಡಲೇ ಹೊಳೆಯುವುದು ಸಕ್ಕರೆ ಡಬ್ಬಿ ಮಾತ್ರ.

ಪಕ್ಕದ ಮನೆಯ ಅಜ್ಜಿ ಜೆಲ್ಲಿ ಮಾಡುವುದನ್ನು ಕೂತು ನೋಡಿದ್ದೇನೆ. ಕಾಯಿಯನ್ನು ಸಿಪ್ಪೆ, ಬೀಜ ಸಮೇತ ಹೆಚ್ಚಿ ನೀರಲ್ಲಿ ಬೇಯಿಸುತ್ತಾರೆ. ಸ್ಟೂಲು ತಲೆಕೆಳಗು ಮಾಡಿ ನಾಲ್ಕು ಕಾಲಿಗೆ ತೆಳು ಬಟ್ಟೆಯ ಮೂಲೆ ಕಟ್ಟಿ, ಬೆಂದದ್ದನ್ನು ಅದಕ್ಕೆ ಸುರಿದು, ಕೆಳಗೊಂದು ಪಾತ್ರೆ ಇಟ್ಟು ರಾತ್ರಿಯಿಡೀ ಬಿಡುತ್ತಾರೆ. ನಾನು ಬಟ್ಟೆ ಹಿಂಡಲು ಕೈ ಚಾಚಿದಾಗ ಅಜ್ಜಿ ಕೈಗೆ ಮೆಲ್ಲ ಒಂದು ಬಿಟ್ಟರು. ಹಿಂಡಿದರೆ ಜೆಲ್ಲಿ ಕದಡುತ್ತದಂತೆ. ಬೆಳಗ್ಗೆ ಇಳಿದ ನೀರಿಗೆ ಸಕ್ಕರೆ ಹಾಕಿ ಕಾಯಿಸಿದರು. ಪೆಕ್ಟಿನ್ ಬೇಕಾದಷ್ಟು ಇರುವ ಕಾಯಿ, ಗಟ್ಟಿಯಾಗಲು ಬೇರೇನೂ ಬೇಡ. ಜೆಲ್ಲಿ ಮಾಣಿಕ್ಯದ ಹಾಗೆ ನಿಂತಿತು. ಬಟ್ಟೆಯಲ್ಲಿ ಉಳಿದ ತಿರುಳು ನೇರ ಗೊಬ್ಬರದ ಗುಂಡಿಗೆ ಹೋಯಿತು. ಹಲಸಿನ ಬೀಜ ಎಸೆದರೂ ಬೈಸಿಕೊಂಡ ನನಗೆ ಅದನ್ನು ನೋಡಿ ಹೊಟ್ಟೆ ಉರಿಯಿತು.

ಸ್ಪೇನಿನವರು ಆ ತಿರುಳನ್ನು ಬಿಡುವುದಿಲ್ಲ. ತಿರುಳಿನಷ್ಟೇ ತೂಕದ ಸಕ್ಕರೆ ಹಾಕಿ, ತಳ ಕಾಣುವ ತನಕ ಮಗುಚಿ, ತಟ್ಟೆಗೆ ಹೊಯ್ದು ಕತ್ತರಿಸುತ್ತಾರೆ, ಕುರಿ ಹಾಲಿನ ಚೀಸ್ ಜೊತೆ ತಿನ್ನುತ್ತಾರೆ. ಪೋರ್ಚುಗೀಸರಲ್ಲಿ ಈ ಕಾಯಿ ಮಾರ್ಮೆಲು, ತಿಂಡಿ ಮಾರ್ಮೆಲಾಡ. ಇಂಗ್ಲೆಂಡಿನವರ ಕಿತ್ತಳೆ ಮಾರ್ಮಲೇಡ್ ತನ್ನ ಹೆಸರು ಪಡೆದದ್ದು ಇದರಿಂದಲೇ. ನಾನೂ ಮಾಡಿದೆ. ಬೆರಟಿ ಮಗುಚಿದ ಕೈ ನನ್ನದು ಎಂಬ ಗರ್ವ ಇತ್ತು. ಕುದಿಯುವಾಗ ಒಂದು ಗುಳ್ಳೆ ಒಡೆದು ಮಣಿಕಟ್ಟಿಗೆ ಹಾರಿತು, ಗುರುತು ಇನ್ನೂ ಇದೆ. ಬೆರಟಿ ಮಗುಚುವ ಸಟ್ಟುಗಕ್ಕೆ ಅಷ್ಟುದ್ದದ ಹಿಡಿ ಏಕೆಂದು ನಲವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

ಒಂದು ವಿಷಯದಲ್ಲಿ ಮಾತ್ರ ಸಕ್ಕರೆಯವರಿಗೆ ಶರಣು. ಬೆಣ್ಣೆ ಬಣ್ಣದ ಹೋಳು ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೇಯುತ್ತಾ ಮೊದಲು ನಸುಗೆಂಪು, ಆಮೇಲೆ ಇಟ್ಟಿಗೆ ಕೆಂಪಾಗುತ್ತದೆ. ಬಣ್ಣ ಹಾಕಿದ್ದಲ್ಲ. ಬಾಯಿ ಒಣಗಿಸುವ ಆ ಒಗರಿನ ಅಂಶವೇ ಕಾವಿಗೂ ಹುಳಿಗೂ ಒಡೆದು ಕೆಂಪಾಗುವುದು. ತುರ್ಕಿಯವರು ಅರ್ಧ ಹೋಳು ಮಾಡಿ ಲವಂಗದ ಜೊತೆ ಹೀಗೆ ಬೇಯಿಸಿ, ಮೇಲೆ ಹಾಲಿನ ಗಟ್ಟಿ ಕೆನೆ ಇಟ್ಟು ಕೊಡುತ್ತಾರೆ. ಅಷ್ಟು ಹೊತ್ತು ಗ್ಯಾಸ್ ಉರಿಸುವ ತಾಳ್ಮೆ ನಮ್ಮ ಅಡುಗೆಯಲ್ಲಿ ಪಾಯಸಕ್ಕೆ ಬಿಟ್ಟರೆ ಕಡಿಮೆ.

ಆದರೂ 31 ಕಿಲೋ ಕಾಯಿಗೆ 31 ಕಿಲೋ ಸಕ್ಕರೆ ಎಂದರೆ ಅದು ಅಡುಗೆಯಲ್ಲ, ಕಾಯಿಲೆ. ದಾರಿ ತೋರಿಸಿದ್ದು ಆಫೀಸಿನ ಇರಾನಿ ಗೆಳತಿ. ಅವಳ ಭಾಷೆಯಲ್ಲಿ ಇದು ಬೆಹ್. ಕುರಿ ಮಾಂಸ, ಬಟಾಣಿ ಬೇಳೆ ಹಾಕಿ ಖೋರೆಷ್ ಮಾಡಿ ಅನ್ನದ ಮೇಲೆ ಹಾಕಿಕೊಳ್ಳುತ್ತಾರೆ. ಅನ್ನದ ಮೇಲೆ! ಕಾಶ್ಮೀರದಲ್ಲೂ ಹಾಗೆಯೇ. ಅಲ್ಲಿ ಇದಕ್ಕೆ ಬಮ್‌ಚೂಂಠ್ ಎಂಬ ಹೆಸರು, ಬದನೆಕಾಯಿ ಜೊತೆ ಪಲ್ಯ. ಯೂನಾನಿ ವೈದ್ಯರು ಕೆಮ್ಮಿಗೆ ಕೊಡುವ ಬಿಹಿದಾನ ಇದರದೇ ಬೀಜ, ನೀರಲ್ಲಿ ನೆನೆಸಿದರೆ ಕಾಮಕಸ್ತೂರಿ ಬೀಜದ ಹಾಗೆ ಲೋಳೆ ಬಿಡುತ್ತದೆ. ನನ್ನ ಮಟ್ಟಿಗೆ ಅಲ್ಲಿಗೆ ತೀರ್ಮಾನವಾಯಿತು. ಇದು ಕಾಯಿ. ಪರಿಮಳ ಹಣ್ಣಿನದು, ಅಷ್ಟೇ.

ಕಾಯಿ ಅಂದ ಮೇಲೆ ಮೆಣಸ್ಕಾಯಿ, ಅನ್ನಕ್ಕೆ ಕಲಸಿಕೊಳ್ಳುವ ನಮ್ಮ ಕಡೆಯ ಸಿಹಿ-ಹುಳಿ-ಖಾರದ ಮೇಲೋಗರ. ಅನಾನಸಿಗೆ ಮಾಡುವುದೇ. ಬಟ್ಟೆಯಿಂದ ರೋಮ ಉಜ್ಜಿ, ಸಿಪ್ಪೆ ಹೆರೆದು, ಮರಳಿನಂತೆ ಕರಕರ ಅನ್ನುವ ನಡುಭಾಗ ಪೂರಾ ತೆಗೆದು, ಹೋಳು ಮಾಡಿ ಲಿಂಬೆ ಹಿಂಡಿದ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಬಾಳೆಕಾಯಿಗಿಂತ ಬೇಗ ಕಪ್ಪಾಗುತ್ತದೆ. ಅರಸಿನ, ಉಪ್ಪು, ಬೆಲ್ಲ ಹಾಕಿ ಬೇಯಿಸಿ. ಬೆಲ್ಲ ಅನಾನಸಿಗಿಂತ ಒಂದು ತುಂಡು ಜಾಸ್ತಿ, ಹುಣಸೆಹುಳಿ ಅರ್ಧ. ಹುರಿದ ಎಳ್ಳು, ಉದ್ದಿನಬೇಳೆ, ಬ್ಯಾಡಗಿ ಮೆಣಸು, ತೆಂಗಿನತುರಿ ನುಣ್ಣಗೆ ರುಬ್ಬಿ ಕೂಡಿಸಿ ಒಗ್ಗರಣೆ ಕೊಡಿ. ಅನಾನಸ್ ನಾರುನಾರಾಗುತ್ತದೆ, ಇದು ಬೆಂದರೂ ಹೋಳು ಹೋಳಾಗಿಯೇ ನಿಂತು ಬಾಯಲ್ಲಿ ಬೆಣ್ಣೆಯಾಗುತ್ತದೆ. ಮರುದಿನ ಇನ್ನೂ ಚೆನ್ನ. ಉಪ್ಪಿನಕಾಯಿಯೂ ಹಾಕಿದೆ, ಅದು ಸುಮಾರು.

ಮಿಕ್ಕದ್ದನ್ನು ಇಲ್ಲಿಯವರ ಕ್ರಮದಂತೆ "ಬೇಕಾದಷ್ಟು ಒಯ್ಯಿರಿ" ಎಂದು ಬರೆದು ಗೇಟಿನ ಹೊರಗೆ ಪೆಟ್ಟಿಗೆಯಲ್ಲಿಟ್ಟೆ. ಮೂರು ದಿನದಲ್ಲಿ ಹೋದದ್ದು ನಾಲ್ಕು ಕಾಯಿ. ಈ ಕ್ರಮ ನನಗೆ ಒಗ್ಗುವುದಿಲ್ಲ. ಕೊಟ್ಟವನ ಮುಖ ಒಯ್ದವನಿಗೆ ಗೊತ್ತಿಲ್ಲ, ಒಯ್ದವನದ್ದು ಕೊಟ್ಟವನಿಗೆ ಗೊತ್ತಿಲ್ಲ. ಮಾತಾಡಬೇಕಾದ ಕಷ್ಟ ಇಲ್ಲ ಎನ್ನುವುದೇ ಅದರ ಅನುಕೂಲ ಇರಬಹುದು. ನಾನು ಪೆಟ್ಟಿಗೆ ಒಳಗೆ ತಂದು, ಒಂದು ಬಾಟಲಿ ಮೆಣಸ್ಕಾಯಿ ಹಿಡಿದು ಅಜ್ಜಿಯ ಬಾಗಿಲು ತಟ್ಟಿದೆ.

ವಾರ ಬಿಟ್ಟು ಬಾಟಲಿ ತೊಳೆದು ಒರೆಸಿ ವಾಪಸು ತಂದರು. ಖಾಲಿ. ಖಾಲಿ ಪಾತ್ರೆ ಹಿಂದೆ ಕೊಡಬಾರದೆಂದು ಇಲ್ಲಿ ಯಾರಿಗೂ ಹೇಳಿಕೊಟ್ಟಿಲ್ಲ. ಆದರೆ ಮುಖ ಅರಳಿತ್ತು. ಬ್ರೆಡ್ಡಿನ ಮೇಲೆ ಚೆಡ್ಡಾರ್ ಚೀಸ್ ಇಟ್ಟು ಅದರ ಮೇಲೆ ಹಚ್ಚಿಕೊಂಡು ತಿಂದರಂತೆ, ಇಂಥ ಚಟ್ನಿ ತಿಂದೇ ಇರಲಿಲ್ಲವಂತೆ, ಇನ್ನೊಂದು ಬಾಟಲಿ ಸಿಗಬಹುದೇ?

ಸಂಜೆ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಮೆಣಸ್ಕಾಯಿ... ಅನ್ನ ಇಲ್ಲದೆಯಾ?"