ಮೂರು ಬೆರಳಿನ ಮುಲಾಮು

ನಮ್ಮವ್ವ ಸೊಳ್ಳೆ ಮುಲಾಮನ್ನು ವಿಭೂತಿ ಹಾಗೆ ಹಚ್ಚಿಕೊಳ್ಳುತ್ತಾಳೆ. ಕಡಲೆಕಾಳಷ್ಟು ಹಿಂಡಿ, ಮೂರು ಬೆರಳಲ್ಲಿ ಎಡ ರಟ್ಟೆಗೊಮ್ಮೆ, ಬಲ ರಟ್ಟೆಗೊಮ್ಮೆ ಎಳೆದರೆ ಮುಗಿಯಿತು. "ಇಷ್ಟು ಸಾಕು ತಮ್ಮಾ, ವಾಸನಿಗೇ ಓಡಿ ಹೋಗ್ತಾವ" ಅನ್ನುತ್ತಾಳೆ. ಎಲ್ಲಿ ಓಡುತ್ತವೆ? ಗೆರೆ ಗೆರೆಗಳ ನಡುವೆ ಜಾಗ ನೋಡಿಕೊಂಡು ಪಂಕ್ತಿ ಕೂರುತ್ತವೆ.

ಗಂಗಾವತಿಯಲ್ಲಿ ಮಳೆಗೆ ಬರ ಬಂದೀತು, ಸೊಳ್ಳೆಗೆ ಬರದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ರೈತರಷ್ಟೇ ಅವೂ ಖುಷಿಪಡುತ್ತವೆ. ನಾಟಿ ಗದ್ದೆಯ ನಿಂತ ನೀರು ಅವುಗಳ ತವರುಮನೆ. ನಳದ ನೀರು ದಿನಾ ಬರುವುದಿಲ್ಲವೆಂದು ನಾವು ಮುಚ್ಚದೇ ತುಂಬಿಟ್ಟ ಡ್ರಮ್ಮಿನಲ್ಲಿ ಇನ್ನೊಂದು ಜಾತಿ. ಡೆಂಗ್ಯೂ ತರುವುದು ಇದೇ. ಕಾಲಿಗೆ ಬಿಳಿ ಪಟ್ಟೆ, ಕಚ್ಚುವುದು ಹಗಲು ಹೊತ್ತಿನಲ್ಲಿ. ನಾನು ಇಷ್ಟು ವರ್ಷ ರಾತ್ರಿ ಮಲಗುವಾಗಷ್ಟೇ ಮುಲಾಮು ಹಚ್ಚಿ, ಹಗಲೆಲ್ಲ ಅದಕ್ಕೆ ಸುಮ್ನೆ ಊಟ ಹಾಕಿದ್ದೇನೆ.

ನಮ್ಮ ಉಸಿರು, ಬೆವರಿನ ವಾಸನೆ, ಮೈ ಬಿಸಿ, ಇವುಗಳ ಜಾಡು ಹಿಡಿದು ಸೊಳ್ಳೆ ಬರುತ್ತದೆ. ಮುಲಾಮು ಅದನ್ನು ಕೊಲ್ಲುವುದಿಲ್ಲ, ದಾರಿ ತಪ್ಪಿಸುತ್ತದೆ. ಅದೂ ಹಚ್ಚಿದ ಜಾಗದ ಮಟ್ಟಿಗೆ. ಹಿಮ್ಮಡಿ ಬಿಟ್ಟರೆ ಹಿಮ್ಮಡಿಗೆ ಕಚ್ಚುತ್ತದೆ. ಹಾಗಂತ ಅಂಗಿಯೊಳಗೆಲ್ಲ ಬಳಿದುಕೊಳ್ಳಬೇಕಿಲ್ಲ, ಬಟ್ಟೆ ಮುಚ್ಚದ ಕಡೆ ತೆಳ್ಳಗೆ ಹಚ್ಚಿದರಾಯಿತು. ಗಾಯ, ಕಣ್ಣು, ಬಾಯಿ ಬಿಟ್ಟು. ನಮ್ಮ ಬಿಸಿಲಿಗೆ ಬೆವರಿನ ಜೊತೆ ಅದೂ ಇಳಿದು ಹೋಗುತ್ತದೆ, ಆಗ ಇನ್ನೊಮ್ಮೆ.

ಈ ಮುಲಾಮಿನಲ್ಲಿ ಸೊಳ್ಳೆ ದೂರ ಇಡುವ ಡೀಟ್ ಅನ್ನೋ ಔಷಧಿ ಅಮೆರಿಕದ ಸೇನೆ 1946ರಲ್ಲಿ ತನ್ನ ಸೈನಿಕರಿಗಾಗಿ ಕಂಡುಕೊಂಡಿದ್ದು. ಜನರ ಕೈಗೆ ಬಂದದ್ದು 1957ರಲ್ಲಿ. ಡಬ್ಬಿ ಮೇಲಿನ ಶೇಕಡಾ ಲೆಕ್ಕವನ್ನು ನಾನು ಮೆಣಸಿನಕಾಯಿ ಖಾರದಂತೆ ಓದುತ್ತಿದ್ದೆ, ಜಾಸ್ತಿ ಇದ್ದರೆ ಜಾಸ್ತಿ ಹೊಡೆತ ಅಂತ. ಅದು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದರ ಲೆಕ್ಕವಂತೆ. ಈ ಡೀಟ್‌ಗೆ ಪ್ಲಾಸ್ಟಿಕ್ ಕಂಡರಾಗದು. ಹಚ್ಚಿದ ಕೈಯಲ್ಲೇ ವಾಚು ಕಟ್ಟಿ ಅದರ ಪ್ಲಾಸ್ಟಿಕ್ ಗಾಜು ಮಂಜಾಗಿದೆ. ಈಗ ಟೈಮು ಕೇಳಿದವರಿಗೆ ಅಂದಾಜು ಹೇಳುತ್ತೇನೆ. ಇನ್ನೊಂದು ಸಂಜೆ ಕೈ ತೊಳೆಯದೆ ಒಗ್ಗರಣೆ ಮಿರ್ಚಿಗೆ ಕೈಹಾಕಿದೆ. ಮೊದಲ ತುತ್ತಿಗೇ ನಾಲಿಗೆ ಕಹಿಯಾಗಿ ಜೋಮು ಹಿಡಿಯಿತು. ಮಿರ್ಚಿ ತಣ್ಣಗಾಗುವುದನ್ನು ನೋಡುತ್ತಾ ಬಾಯಿ ಮುಕ್ಕಳಿಸಿದ ದುಃಖ ಯಾರಿಗೆ ಹೇಳಲಿ?

ಈಗ ತಂಗಿ ಬಾಣಂತನಕ್ಕೆ ಬಂದಿದ್ದಾಳೆ. ಕೂಸಿಗೆ ನಲವತ್ತು ದಿನ. ಮೊನ್ನೆ ಅವ್ವ ಮೂರು ಬೆರಳು ಚಾಚಿಕೊಂಡು ತೊಟ್ಟಿಲ ಹತ್ತಿರ ಹೋದಳು.

"ಅವ್ವಾ, ಎರಡು ತಿಂಗಳು ತುಂಬೋ ತನಕ ಡೀಟ್ ಹಚ್ಚಬಾರದು."

"ಹಂಗಾರ ಬೇವಿನ ಸೊಪ್ಪಿನ ಹೊಗಿ ಹಾಕ್ಲಿ?"

"ಕೂಸು ಕೆಮ್ಮತೈತಿ ಬೇ."

ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಹೊಗೆಯೂ ಬೇಡವೆಂದೆ. ತೊಟ್ಟಿಲಿಗೆ ಪರದೆ ಬಂತು. ಕೂಸು ದೊಡ್ಡದಾದ ಮೇಲೂ ದೊಡ್ಡವರೇ ತಮ್ಮ ಕೈಗೆ ಹಾಕಿಕೊಂಡು ಅದಕ್ಕೆ ಸವರಬೇಕು, ಅಂಗೈಗೆ ಹಚ್ಚಬಾರದು. ಬೆರಳು ಬಾಯಿಗೆ ಹೋಗುತ್ತದಲ್ಲ. ನನ್ನ ಮಿರ್ಚಿ ಕಥೆ ಇಲ್ಲಿ ಸಾಕ್ಷಿಯಾಗಿ ಕೆಲಸಕ್ಕೆ ಬಂತು.

ಮೊಮ್ಮಗನ ಪರದೆ ನೋಡಿ ಅವ್ವನಿಗೂ ಆಸೆಯಾಯಿತು. ಮಾಳಿಗೆ ಮೇಲೆ ಹೊರಸಿಗೆ ನಾಲ್ಕು ಕೋಲು ಕಟ್ಟಿ ಪರದೆ ಹಾಕಿಕೊಟ್ಟೆ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದೆ. ನಾನು ಪಕ್ಕದಲ್ಲಿ ಚಾಪೆ ಹಾಸಿ, ಹಿಮ್ಮಡಿ ಸಮೇತ ಮುಲಾಮು ಹಚ್ಚಿಕೊಂಡು ಮಲಗಿದೆ. ಇನ್ನೇನು ನಿದ್ದೆ ಹತ್ತಬೇಕು, ಪರದೆಯೊಳಗಿಂದ ಚಟಾರ್ ಅಂತ ಏಟಿನ ಸದ್ದು.

"ತಮ್ಮಾ, ಒಂದು ನನ್ನ ಜೋಡಿನೇ ಒಳಗ ಬಂದೈತಿ. ಬ್ಯಾಟರಿ ತಗೊಂಡ್ ಬಾ."