ಎಲ್ಲಿ ನಿಂತ್ಕೋತೀಯ ಅಂತ ಯಾರೂ ಕೇಳಲ್ಲ

ನಿನ್ನೆ ಗಟ್ಟಿಮೇಳದ ಹೊತ್ತಿಗೆ ಒಬ್ಬ ಹುಡುಗ ಹೋಗಿ ಓಲಗದವರ ಮಡಿಲಲ್ಲಿ ಕೂತುಬಿಟ್ಟ. ನಗಬೇಡಿ. ನಾನು ಆಗ ನಗಲಿಲ್ಲ, ಮನೆಗೆ ಬಂದ ಮೇಲೆ ನಕ್ಕೆ. ಆಮೇಲೆ ಸಿಟ್ಟು ಬಂತು. ಅದಿನ್ನೂ ಇಳಿದಿಲ್ಲ, ಅದಕ್ಕೇ ಈ ಉದ್ದದ ಪೋಸ್ಟ್.

ಅವನು ಹೆಣ್ಣಿನ ಕಡೆಯ ಫೋಟೋಗ್ರಾಫರ್, ನಾನು ಗಂಡಿನ ಕಡೆ. ನಮ್ಮ ಶಿವಮೊಗ್ಗದ ಛತ್ರಗಳ ಮಂಟಪ ಎಷ್ಟಿರುತ್ತೆ ಅಂತ ನಿಮಗೆ ಗೊತ್ತಲ್ಲ. ಅಷ್ಟರೊಳಗೆ ಮದುಮಕ್ಕಳು, ಎರಡೂ ಕಡೆಯ ಅಪ್ಪ ಅಮ್ಮ, ಸೋದರಮಾವ, ಇಬ್ಬರು ಪುರೋಹಿತರು, ವಿಡಿಯೋದವನು, ಅವನ ಲೈಟ್ ಹಿಡಿದವನು, ಮೊಬೈಲ್ ಎತ್ತಿದ ಹದಿನೈದು ನೆಂಟರು. ಇದರ ನಡುವೆ ಈ ಹುಡುಗ ನಿಕಾನ್ ಡಿ7500 ಕ್ಯಾಮೆರಾಕ್ಕೆ 70-200 ಎಂಎಂ ಜೂಮ್ ಲೆನ್ಸ್ ಹಾಕಿಕೊಂಡು ನಿಂತಿದ್ದ. ಈ ಎಂಎಂ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಫ್ರೇಮಿನ ಅಗಲ ಕಡಿಮೆಯಾಗುತ್ತದೆ. ಒಂದೂವರೆ ಕೇಜಿ ತೂಕದ ಲೆನ್ಸ್. ಸೆಕೆಂಡ್‌ಹ್ಯಾಂಡ್, ಆದರೂ ಸಾಲ.

ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಆಯಿತು, ವರ ತಾಳಿ ಎತ್ತಿಕೊಂಡ. ಹುಡುಗನ ಫೋಕಸ್ ಹಿಂದೆ ಮುಂದೆ ಓಡುತ್ತಲೇ ಇದೆ, ನಿಲ್ಲುತ್ತಿಲ್ಲ. ನಿಲ್ಲೋದಾದರೂ ಹೇಗೆ? ಆ ಲೆನ್ಸ್ 1.4 ಮೀಟರ್‌ಗಿಂತ ಹತ್ತಿರ ಇರೋದನ್ನು ಹಿಡಿಯುವುದೇ ಇಲ್ಲ. ಅವನು ನಿಂತಿದ್ದು ನಾಲ್ಕಡಿಯಲ್ಲಿ. ಒಂದು ಹೆಜ್ಜೆ ಹಿಂದೆ ಸರಿದ. ಫೋಕಸ್ ಸಿಕ್ಕಿತು, ಆದರೆ ಫ್ರೇಮಿನಲ್ಲಿ ಮದುಮಗಳ ಮುಖ ಬಿಟ್ಟರೆ ಏನೂ ಇಲ್ಲ. ಕೈ ಇಲ್ಲ, ತಾಳಿ ಇಲ್ಲ, ವರನಂತೂ ಇಲ್ಲವೇ ಇಲ್ಲ. ಇನ್ನೊಂದು ಹೆಜ್ಜೆ ಸರಿದ. ಮಂಟಪ ಅಲ್ಲಿಗೆ ಮುಗಿದಿತ್ತು.

ನಾದಸ್ವರ ಒಂದು ಸಲ ಪೀಂ ಅಂದು ನಿಂತಿತು. ಡೋಲಿನವರು ಮಾತ್ರ ಬಿಡಲಿಲ್ಲ, ಪುಣ್ಯಾತ್ಮರು. ಹುಡುಗ ಎದ್ದು ನಿಲ್ಲುವಷ್ಟರಲ್ಲಿ ಮೂರು ಗಂಟೂ ಬಿದ್ದಾಗಿತ್ತು. ಪೆಟ್ಟು ಯಾರಿಗೂ ಆಗಲಿಲ್ಲ. ಲೆನ್ಸಿಗೂ ಆಗಲಿಲ್ಲ, ಅದನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡೇ ಬಿದ್ದಿದ್ದ.

ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡೆ. "ಯಾರಪ್ಪಾ ಇದನ್ನ ತಗೋ ಅಂದಿದ್ದು?"

"ಎಲ್ರೂ ಅಂದ್ರು ಅಕ್ಕಾ. ಇವೆಂಟ್ ಮಾಡ್ಬೇಕಂದ್ರೆ 70-200 ಎಫ್2.8 ಇರ್ಲೇಬೇಕಂತೆ." (ಎಫ್ ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆ ಅನ್ನೋ ಲೆಕ್ಕ, ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು.)

"ಎಲ್ಲಿ ನಿಂತು ತೆಗೀತೀಯ ಅಂತ ಯಾರಾದ್ರೂ ಕೇಳಿದ್ರಾ?"

ಹೋಳಿಗೆ ಮುರಿಯುತ್ತಾ ಇಲ್ಲ ಅಂತ ತಲೆ ಅಲ್ಲಾಡಿಸಿದ.

ನೋಡಿ, ನನ್ನ ತಕರಾರು ಇಷ್ಟೇ. ಚಪ್ಪಲಿ ಅಂಗಡಿಯವನೂ ಮೊದಲು ಪಾದದ ಅಳತೆ ಕೇಳುತ್ತಾನೆ. ನಮ್ಮ ಸೀನಿಯರ್ ಮಹಾಶಯರು ಮಾತ್ರ ಏನನ್ನೂ ಕೇಳದೆ ಲೆನ್ಸ್ ಹೇಳಿಬಿಡುತ್ತಾರೆ. ಒಳಗಾ ಹೊರಗಾ? ಎಷ್ಟು ದೂರ? ಹಿಂದೆ ಗೋಡೆ ಇದೆಯಾ? ನಿನ್ನ ಕ್ಯಾಮೆರಾ ಬಾಡಿ ಯಾವುದು? ಊಹೂಂ. ಆ ಹುಡುಗನ ಕ್ಯಾಮೆರಾದ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಫಲಕ, ಚಿಕ್ಕದು, 1.5 ಕ್ರಾಪ್. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕಿಂತ ಒಂದೂವರೆ ಪಟ್ಟು ಹತ್ತಿರ ತೋರಿಸುತ್ತದೆ. ಅವನ 70 ಅಂದರೆ ನನ್ನ ಫುಲ್ ಫ್ರೇಮಿನ 105 ಇದ್ದ ಹಾಗೆ. 200 ಅಂದರೆ 300. ಹಕ್ಕಿ ಹಿಡಿಯೋಕೆ ಹೊರಟವನ ಲೆನ್ಸನ್ನು ತಾಳಿ ಕಟ್ಟೋ ಜಾಗಕ್ಕೆ ಕಳಿಸಿದ್ದಾರೆ.

ನನ್ನ 24-70 ಅನ್ನು 24ಕ್ಕೆ ಇಟ್ಟರೆ ನಾಲ್ಕಡಿ ದೂರದಿಂದಲೇ ಆರಡಿ ಅಗಲ ಸಿಗುತ್ತದೆ. ವಧು, ವರ, ತಾಳಿ, ಜಡೆ ಎತ್ತಿ ಹಿಡಿದ ನಾದಿನಿ, ಕಣ್ಣು ಒರೆಸಿಕೊಳ್ಳುವ ಅಮ್ಮ, ಎಲ್ಲ ಒಂದೇ ಚಿತ್ರದಲ್ಲಿ. ಅಂಚಲ್ಲಿ ನಿಂತ ಅತ್ತೆ ಇರುವುದಕ್ಕಿಂತ ದಪ್ಪ ಕಾಣುತ್ತಾರೆ, ನಿಜ. ಆಲ್ಬಮ್ ಕೊಡುವಾಗ ಬೈಸಿಕೊಂಡಿದ್ದೇನೆ ಕೂಡ. ಆದರೆ ಚಿತ್ರ ಇದೆಯಲ್ಲ! ಕಣ್ಣೀರು ಕಂಡರೆ ಅಲ್ಲೇ 70ಕ್ಕೆ ತಿರುಗಿಸಿದರೆ ಆಯಿತು. ಕಾಲು ಅಲ್ಲಾಡಿಸುವ ಹಾಗೇ ಇಲ್ಲ.

ಕ್ರಾಪ್ ಬಾಡಿ ಇದ್ದವರು ಆ 24-70ನ್ನೂ ತಗೋಬೇಡಿ. ಅದು ಅಲ್ಲಿ 36ರಿಂದ ಶುರುವಾಗುತ್ತದೆ, ಮತ್ತೆ ಗೋಡೆಗೇ ಬೆನ್ನು. ನಿಮಗೆ ಬೇಕಾಗಿದ್ದು 17-50 ಎಫ್2.8. ಸಿಗ್ಮಾ, ಟ್ಯಾಮ್ರನ್ ಎರಡೂ ಮಾಡಿದ್ದವು, ಸೆಕೆಂಡ್‌ಹ್ಯಾಂಡ್ ಹುಡುಕಿ. ಇದನ್ನು ಆ ಹುಡುಗನಿಗೆ ಹೇಳೋಕೆ ಒಬ್ಬರಿಗೂ ಬಾಯಿ ಬರಲಿಲ್ಲ. ಯಾಕಂದರೆ 17-50 ಹಾಕಿಕೊಂಡರೆ ಗತ್ತು ಕಾಣಲ್ಲ ಅಲ್ವಾ.

"2.8 ಯಾಕೆ, ಎಫ್4 ಸಾಕು, ಈಗ ಗ್ರೇನ್ ತೆಗೆಯೋ ಸಾಫ್ಟ್‌ವೇರ್ ಬಂದಿದೆ" ಅನ್ನುವವರು ಕಾಮೆಂಟಿಗೆ ಬರುತ್ತೀರಿ ಅಂತ ಗೊತ್ತು. ಬನ್ನಿ. 2.8ರಿಂದ 4ಕ್ಕೆ ಹೋದರೆ ಬೆಳಕು ಅರ್ಧ. ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್ 55ಕ್ಕೆ ಹೋದಾಗ 5.6, ಅಂದರೆ ಕಾಲು ಭಾಗ. ಅದೇ ಐಎಸ್‌ಒದಲ್ಲಿ (ಸೆನ್ಸರ್ ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸುತ್ತದೆ ಅನ್ನೋ ಅಂಕಿ, ಏರಿಸಿದಷ್ಟೂ ಚಿತ್ರದಲ್ಲಿ ಮರಳಿನಂಥ ಗ್ರೇನ್) 2.8ಗೆ ಸೆಕೆಂಡಿನ 1/125ರ ಶಟರ್ ಸಿಗುವ ಜಾಗದಲ್ಲಿ ಕಿಟ್ ಲೆನ್ಸಿಗೆ 1/30. ಅಕ್ಷತೆ ಎಸೆಯುವ ಕೈ 1/30ಕ್ಕೆ ಹತ್ತಿ ಹಿಂಜಿದ ಹಾಗೆ ಬರುತ್ತದೆ. ಗ್ರೇನನ್ನು ಸಾಫ್ಟ್‌ವೇರ್ ತೊಳೆಯಬಹುದು, ಹಿಂಜಿದ ಕೈಯನ್ನು ಯಾರು ಹೊಲಿಯುತ್ತಾರೆ? "ವಿಆರ್ ಇದೆಯಲ್ಲ ಮೇಡಂ" ಅಂತಾರೆ. ವಿಆರ್ ನನ್ನ ಕೈ ನಡುಕ ಹಿಡಿಯುತ್ತದೆ ಸ್ವಾಮಿ, ಮದುಮಗನ ಕೈ ನಡುಕ ಅಲ್ಲ.

ಹಾಗಂತ 2.8 ಇದ್ದರೆ ಶಟರ್ ಏರಿಸುತ್ತಾ ಹೋಗೋಕೂ ಆಗಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಛತ್ರದ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/250ಕ್ಕೆ ಹೋದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದಕ್ಕೆ ಅಡ್ಡ ಪಟ್ಟೆ. ಎಷ್ಟೋ ಛತ್ರದಲ್ಲಿ ನಾನು ಒಂದು ಮಿಣುಕು ಪೂರ್ತಿ ಸಿಗುವ 1/100ರಲ್ಲೇ ನಿಂತು, ಮಿಕ್ಕ ಬೆಳಕಿನಲ್ಲಿ ಐಎಸ್‌ಒ ಇಳಿಸಿಕೊಳ್ಳುತ್ತೇನೆ.

ಫ್ಲಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಿ ಅನ್ನುವವರಿಗೆ ಒಂದೇ ಮಾತು. ಮೇಲೆ ಡೆಕೊರೇಷನ್‌ನವರು ಕಟ್ಟಿದ ಗುಲಾಬಿ ಬಟ್ಟೆ ನೋಡಿ. ಆ ಬಣ್ಣ ಹಾಗೇ ಮದುಮಗಳ ಹಣೆಗೆ ಇಳಿಯುತ್ತದೆ.

ಇನ್ನು 35, 50ರ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಭಕ್ತರು. ನಿಮ್ಮ ಎಫ್1.8 ದೊಡ್ಡದೇ, ಕೈ ಮುಗಿದೆ. ಗಟ್ಟಿಮೇಳ ಗಟ್ಟಿಮೇಳ ಅಂತ ಪುರೋಹಿತರು ಕೂಗುವಾಗ ಲೆನ್ಸ್ ಬದಲಾಯಿಸಿ ತೋರಿಸಿ. ಆಮೇಲೆ ಮಾತಾಡೋಣ.

ಈಗ ನನ್ನದೂ ಹೇಳಿಬಿಡುತ್ತೇನೆ. ಹಳೇ ಸ್ನೇಹಿತರಿಗೆ ನೆನಪಿರುತ್ತೆ, 2016ರಲ್ಲಿ ಚೀಟಿ ಎತ್ತಿ ಇದೇ 70-200 ತಗೊಂಡವಳು ನಾನು. ಯಾರೂ ಹೇಳಿರಲಿಲ್ಲ, ನಾನಾಗಿ ಹೋದೆ. ಅದಕ್ಕೆ ಮೊದಲು ಕುತ್ತಿಗೆಯಲ್ಲಿ ಕ್ಯಾಮೆರಾ ನೇತಾಡುತ್ತಿದ್ದರೂ ನನ್ನನ್ನೇ ಕೇಳೋರು, "ಏನಮ್ಮಾ, ಫೋಟೋಗ್ರಾಫರ್ ಎಲ್ಲಿ, ಇನ್ನೂ ಬಂದಿಲ್ವಾ?" ಆ ಉದ್ದದ ಲೆನ್ಸ್ ಬಂದ ಮೇಲೆ ಒಬ್ಬರೂ ಕೇಳಲಿಲ್ಲ. ಗಂಡಸರು ದಾರಿ ಬಿಟ್ಟರು. ವಿಡಿಯೋದವರು "ಮೇಡಂ, ಅಡ್ಡ ಬಂದ್ನಾ?" ಅಂತ ಕೇಳೋಕೆ ಶುರು ಮಾಡಿದರು. ಹಾಗಾಗಿ ಆ ಹುಡುಗನನ್ನು ಬೈಯೋಕೆ ನನಗೆ ಬಾಯಿಲ್ಲ. ಗತ್ತು ಬೇಕಿತ್ತು, ಸಿಕ್ಕಿತು. ಚಿತ್ರ ಮಾತ್ರ ಅದರಲ್ಲಿ ಬರಲಿಲ್ಲ. ಒಂದು ದಿನ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಲೆನ್ಸ್ ಪ್ರಕಾರ ಫಿಲ್ಟರ್ ಹಾಕಿ ನೋಡಿದೆ. ಮದುವೆ ಆಲ್ಬಮ್ಮಿಗೆ ಹೋದ ಚಿತ್ರಗಳೆಲ್ಲ ಹೆಚ್ಚು ಕಡಿಮೆ 24ರಿಂದ 50ರ ಒಳಗೆ. 70-200ದು ಅಂತ ಇದ್ದಿದ್ದು ಊಟದ ಹಾಲ್‌ನಲ್ಲಿ ಬಾಯಿಗೆ ಅನ್ನ ಇಡುತ್ತಿರುವ ಅಂಕಲ್‌ಗಳು. ಕ್ಯಾಂಡಿಡ್ ಅಂತೆ!

2020ರಲ್ಲಿ ಮದುವೆಗೆ 50 ಜನ ಅಂತ ಸರ್ಕಾರ ಹೇಳಿದಾಗ ಅದನ್ನು ಮಾರಿ ಅಂಗಡಿ ಬಾಡಿಗೆ ಕಟ್ಟಿದೆ. ಮದುವೆ ಮನೆಯಲ್ಲಿ ಅದು ಇಲ್ಲ ಅಂತ ಒಂದು ದಿನಕ್ಕೂ ಅನ್ನಿಸಿಲ್ಲ.

ರಂಗಪ್ರವೇಶಕ್ಕೆ ಹೋದಾಗ ಮಾತ್ರ ಹೊಟ್ಟೆ ಉರಿಯುತ್ತದೆ. ಅಲ್ಲಿ ಫ್ಲಾಶ್ ಹಾಕುವ ಹಾಗಿಲ್ಲ, ಮುಂದೆ ಓಡಾಡುವ ಹಾಗಿಲ್ಲ, ಪ್ರೇಕ್ಷಕರ ಹಿಂದೆ ಗೋಡೆಗೆ ಒರಗಿ ನಿಲ್ಲಬೇಕು. ಅಲ್ಲಿಂದ 24-70ರಲ್ಲಿ ತೆಗೆದರೆ ವೇದಿಕೆ ಚೆನ್ನಾಗಿ ಬರುತ್ತದೆ, ಹುಡುಗಿ ಕಡ್ಡಿಪೆಟ್ಟಿಗೆ ಮೇಲಿನ ಬೊಂಬೆ. ಅಲ್ಲಿಗೆ 70-200 ಎಫ್2.8 ಬೇಕು, ಬೇರೆ ಮಾತೇ ಇಲ್ಲ. ಲೆನ್ಸ್ ಕೆಟ್ಟದ್ದು ಅಂತ ನಾನೆಲ್ಲಿ ಹೇಳಿದೆ? ಎಲ್ಲಿ ನಿಂತ್ಕೋತೀಯ ಅಂತ ಕೇಳಿ ಅಂದೆ, ಅಷ್ಟೇ.

ಹೊಸದಾಗಿ ತಗೊಳ್ಳುವವರು ಇದೊಂದು ಮಾಡಿ. ಕಿಟ್ ಲೆನ್ಸಲ್ಲೇ ಮೂರು ಫಂಕ್ಷನ್ ತೆಗೆಯಿರಿ. ಆಮೇಲೆ ಕೂತು ಯಾವ ಚಿತ್ರ ಎಷ್ಟು ಎಂಎಂನಲ್ಲಿ ತೆಗೆದಿದ್ದು ಅಂತ ನೋಡಿ. ಬಹಳಷ್ಟು 18ರ ಹತ್ತಿರ ಬಂದು ಗೋಡೆಗೆ ಗುದ್ದಿಕೊಂಡಿದ್ದರೆ ಉತ್ತರ ಅಲ್ಲೇ ಇದೆ. ಅನುಮಾನ ಇದ್ದರೆ ಒಂದು ದಿನದ ಮಟ್ಟಿಗೆ ಬಾಡಿಗೆಗೆ ತನ್ನಿ. ಸಾಲ ಆಮೇಲೆ ಮಾಡಿದರಾಯಿತು, ಸಾಲ ಎಲ್ಲಿಗೂ ಓಡಿಹೋಗಲ್ಲ.

ಇಷ್ಟು ಬರೆಯುವಾಗ ಆ ಹುಡುಗನದೇ ಮೆಸೇಜ್ ಬಂತು. ಭಾನುವಾರ ಒಂದು ಸೀಮಂತ ಇದೆಯಂತೆ, ಮನೆಯ ಹಾಲ್‌ನಲ್ಲಿ, ಹಾಲ್ ಹನ್ನೆರಡಡಿ. "ಏನ್ ಮಾಡ್ಲಿ ಅಕ್ಕಾ?" ನನ್ನ ಕಪಾಟಿನಲ್ಲಿ ಹಳೇ ಟ್ಯಾಮ್ರನ್ 17-50 ಇದೆ. ಫೋಕಸ್ ಮಾಡುವಾಗ ಕುಯ್ ಅನ್ನುತ್ತದೆ, ಆದರೂ ಚಿತ್ರ ಕೊಡುತ್ತದೆ. ಬಂದು ತಗೊಂಡು ಹೋಗು ಅಂದೆ. ಬರುವಾಗ ನಿನ್ನದನ್ನ ತಗೊಂಡು ಬಾ ಅಂತಾನೂ ಅಂದೆ. ಅದೇ ಭಾನುವಾರ ಕುವೆಂಪು ರಂಗಮಂದಿರದಲ್ಲಿ ನನಗೊಂದು ರಂಗಪ್ರವೇಶ ಇದೆ.