ಕುಡಿತದ ಪಾಠದಲ್ಲಿ ಊಟದ ಮಾತು ಬೇಕಾ?

ಹದಿಹರೆಯದವರಿಗೆ ಕುಡಿತದ ಅಪಾಯ ಹೇಳುವಾಗ ಊಟ, ತಿಂಡಿಯ ವಿಷಯವನ್ನೂ ಸೇರಿಸಬೇಕೇ? ಬೇಕು ಎನ್ನುವವರು ತೀರ್ಥಹಳ್ಳಿ ಕಡೆಯ ಪಿಯು ಜೀವಶಾಸ್ತ್ರ ಉಪನ್ಯಾಸಕರು. ಬೇಡ ಎನ್ನುವವರು ಸಾಗರ ಕಡೆಯ ಅಡಿಕೆ ಬೆಳೆಗಾರ್ತಿ.

ಪರ

ಅಡಿಕೆ ಕೊಯ್ಲಿನ ದಿನಗಳಲ್ಲಿ ನನ್ನ ಫಸ್ಟ್ ಪಿಯು ಹುಡುಗರ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುತ್ತದೆ. ಗೊನೆ ಹೊರುತ್ತಾರೆ, ರಾತ್ರಿ ಕೂತು ಕಾಯಿ ಸುಲಿಯುತ್ತಾರೆ. ಶನಿವಾರ ಸಂಜೆ ಪೇಟೆಗೆ ಬಂದರೆ ಕೆಲವರಿಗೆ ಮದ್ಯದ ಟೆಟ್ರಾ ಪ್ಯಾಕ್ ಸಿಗುತ್ತದೆ. ನಂಚಿಕೊಳ್ಳಲು ಒಂದು ಪ್ಲೇಟ್ ಗೋಬಿ. ಮಧ್ಯಾಹ್ನ ಊಟ ಮಾಡಿರುವುದಿಲ್ಲ. ಕುಡಿಯುವುದು, ತಿನ್ನುವುದು ಅವರಿಗೆ ಒಟ್ಟಿಗೇ ಬರುತ್ತವೆ. ಪಾಠದಲ್ಲಿ ಮಾತ್ರ ಯಾಕೆ ಬೇರೆ ಮಾಡಬೇಕು?

ಮಿದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಹಣೆಯ ಹಿಂದಿನ ಭಾಗ, ಅಂದರೆ ‘ಸಾಕು, ನಿಲ್ಲಿಸು’ ಎನ್ನುವ ಭಾಗ, ಎಲ್ಲಕ್ಕಿಂತ ಕೊನೆಗೆ ಬಲಿಯುತ್ತದೆ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಸೋಂಕು ಬಂದರೆ ಅವು ಕೆರಳಿ ಹೋರಾಡುತ್ತವೆ. ಒಂದೇ ಸಲ ಜಾಸ್ತಿ ಕುಡಿದರೆ ಸೋಂಕಿಲ್ಲದೆಯೂ ಕೆರಳುತ್ತವೆ. ಇದೇ ಮಿದುಳಿನ ಉರಿಯೂತ. ನೋವಿಲ್ಲ, ಜ್ವರವಿಲ್ಲ. ಹುಡುಗನಿಗೆ ಗೊತ್ತೇ ಆಗುವುದಿಲ್ಲ.

ಸ್ಪೇನಿನ ವೆಲೆನ್ಸಿಯಾದ ಕಾನ್ಸುಯೆಲೊ ಗೆರ್ರಿ ತಂಡ ಟಿಎಲ್‌ಆರ್4 ಎಂಬ ಗ್ರಾಹಕವೇ, ಅಂದರೆ ಈ ಕೋಶಗಳ ಮೇಲೆ ಅಪಾಯದ ಸುದ್ದಿ ಹಿಡಿಯುವ ಬಾಗಿಲೇ, ಇಲ್ಲದ ಇಲಿಗಳಿಗೆ ಮದ್ಯ ಕೊಟ್ಟು ನೋಡಿತು. ಅವುಗಳ ಮಿದುಳು ಹಾಗೆ ಕೆರಳಲಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ಫುಲ್ಟನ್ ಕ್ರೂಸ್ ತಂಡ ಎಳೆ ಇಲಿಗಳಿಗೆ ಆಗಾಗ ಮದ್ಯ ಕೊಟ್ಟು, ಆಮೇಲೆ ನಿಲ್ಲಿಸಿತು. ಬೆಳೆದು ದೊಡ್ಡವಾದ ಮೇಲೂ ಉರಿಯೂತದ ಗುರುತು ಉಳಿದಿತ್ತು. ಇಂಥ ಇಲಿಗಳು ಮುಂದೆ ಜಾಸ್ತಿ ಕುಡಿದದ್ದನ್ನೂ ಹಲವು ಪ್ರಯೋಗಗಳು ಕಂಡಿವೆ.

ಊಟಕ್ಕೂ ಇದಕ್ಕೂ ಏನು ನಂಟು? ಮದ್ಯ ಕರುಳಿನ ಗೋಡೆಯನ್ನು ಸಡಿಲ ಮಾಡುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳ ವಿಷ ರಕ್ತಕ್ಕೆ ಸೋರುತ್ತದೆ. ಆ ವಿಷ ಬಂದು ತಟ್ಟುವುದೂ ಅದೇ ಟಿಎಲ್‌ಆರ್4 ಬಾಗಿಲನ್ನೇ. ಇನ್ನು ಕೊಬ್ಬು ತುಂಬಿದ ಆಹಾರ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದನ್ನು ತಿಂದ ಇಲಿಗಳ ಮಿದುಳಿನಲ್ಲಿ, ಹಸಿವನ್ನು ನೋಡಿಕೊಳ್ಳುವ ಹೈಪೊಥಲಾಮಸ್‌ನಲ್ಲಿ ಮೂರೇ ದಿನದೊಳಗೆ ಉರಿಯೂತದ ಗುರುತು ಕಂಡಿತ್ತು. ಹಸಿದ ಹೊಟ್ಟೆ, ಮದ್ಯ, ಕರಿದ ತಿಂಡಿ. ಶನಿವಾರ ಸಂಜೆ ನನ್ನ ಹುಡುಗರ ಮೈಗೆ ಮೂರೂ ಒಟ್ಟಿಗೆ ಇಳಿಯುತ್ತವೆ.

ನಮ್ಮ ಅಡುಗೆಮನೆಯಲ್ಲಿ ಒಂದೆಲಗದ ತಂಬುಳಿ, ಹುರುಳಿ ಕಟ್ಟಿನ ಸಾರು, ಮಜ್ಜಿಗೆ ಇವೆ. ಘಟ್ಟ ಹತ್ತಿ ಬರುವ ಬೂತಾಯಿ ಮೀನಿನಲ್ಲಿ ಒಮೇಗಾ-3 ಎಂಬ ಒಳ್ಳೆಯ ಕೊಬ್ಬು ಚೆನ್ನಾಗಿದೆ. ಇವು ಕುಡಿತಕ್ಕೆ ಮದ್ದು ಅಂತ ನಾನು ಹೇಳುತ್ತಿಲ್ಲ. ‘ಕುಡಿಯಬೇಡ’ ಎಂಬ ಮಾತಿಗೆ ಹುಡುಗರು ತಲೆ ತಗ್ಗಿಸಿ ಸುಮ್ನೆ ಕೂರುತ್ತಾರೆ. ಊಟದ ಮಾತು ಎತ್ತಿದರೆ ‘ಸರ್, ಗೋಬಿಗೂ ಮಿದುಳಿಗೂ ಏನ್ ಸಂಬಂಧ?’ ಎಂದು ಕೇಳುತ್ತಾರೆ. ಆ ಪ್ರಶ್ನೆ ಬಂದರೆ ಸಾಕು, ನಾನು ಪಾಠ ಶುರು ಮಾಡಬಲ್ಲೆ.

ವಿರೋಧ

ಮೇಷ್ಟ್ರ ವಿಜ್ಞಾನದ ಮೇಲೆ ನನಗೆ ಜಗಳವಿಲ್ಲ. ಆದರೆ ಅದು ಇಲಿಗಳ ಮಾತು. ಆ ಇಲಿಗಳಲ್ಲಿ ಕೆಲವಕ್ಕೆ ನಳಿಗೆಯಲ್ಲಿ ಹೊಟ್ಟೆಗೆ ಮದ್ಯ ಇಳಿಸಿರುತ್ತಾರೆ. ಅವಕ್ಕೆ ಗೆಳೆಯರಿಲ್ಲ, ಜಾತ್ರೆಯಿಲ್ಲ, ಕುಡಿಯುವ ಅಪ್ಪನಿಲ್ಲ. ನಮ್ಮ ಮಕ್ಕಳಿಗೆ ಇವೆಲ್ಲ ಇವೆ, ಅಲ್ವಾ?

ನನ್ನ ಹೆದರಿಕೆ ಬೇರೆಯೇ. ‘ಹೊಟ್ಟೆ ತುಂಬ ಉಂಡು ಕುಡಿದರೆ ಏನೂ ಆಗಲ್ಲ’ ಎಂಬ ನಂಬಿಕೆ ನಮ್ಮ ಕಡೆ ಮೊದಲೇ ಇದೆ. ನನ್ನ ತಮ್ಮ ಇದನ್ನೇ ಹೇಳುತ್ತಿದ್ದ. ಮದ್ಯದ ಬಹುಪಾಲು ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಹೊಟ್ಟೆ ತುಂಬಿದ್ದರೆ ಅಲ್ಲಿಗೆ ಇಳಿಯುವುದು ತಡ, ಅಷ್ಟೇ. ಅಮಲು ನಿಧಾನ ಏರುತ್ತದೆ. ಏರಲಿಲ್ಲ ಅಂತ ಇನ್ನೊಂದು ಗ್ಲಾಸ್ ಹಾಕುತ್ತಾರೆ. ಶಾಲೆಯಲ್ಲಿ ಕುಡಿತ, ಊಟ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಮಕ್ಕಳು ಮನೆಗೆ ಒಯ್ಯುವುದು ಯಾವ ಅರ್ಧವನ್ನು? ಮೀನು ತಿಂದರೆ ಸರಿಹೋಗುತ್ತದೆ ಎಂಬ ಅರ್ಧವನ್ನೇ.

ಮನುಷ್ಯರ ಲೆಕ್ಕ ಬೇಕಿದ್ದರೆ ಒಂದಿದೆ. 1997ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯದು. 15 ವರ್ಷಕ್ಕೆ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು ಶೇ 40 ಜನ ಮುಂದೆ ಚಟಕ್ಕೆ ಬಿದ್ದಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು ಶೇ 10. ಬೇಗ ಕುಡಿಯುವ ಮಕ್ಕಳ ಮನೆಯಲ್ಲೇ ಕುಡಿಯುವವರು ಇರುವುದೂ ಒಂದು ಕಾರಣ ಇರಬಹುದು. ಹಾಗಿದ್ದರೂ ನೋಡಬೇಕಾದ್ದು ಮನೆಯನ್ನು ತಾನೇ, ತಟ್ಟೆಯನ್ನಲ್ಲ.

2007ರ ಜುಲೈನಲ್ಲಿ ಸಾರಾಯಿ ನಿಂತಾಗ ನಮ್ಮೂರ ಹೆಂಗಸರು ಇನ್ನು ನೆಮ್ಮದಿ ಅಂದುಕೊಂಡಿದ್ದೆವು. ಈಗ ಟೆಟ್ರಾ ಪ್ಯಾಕ್ ಚಿಲ್ಲರೆ ಅಂಗಡಿಯ ಗೋಣಿಚೀಲದ ಹಿಂದೆ ಇರುತ್ತದೆ. 18 ತುಂಬದ ಮಗುವಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ ಇದೆ. ಇದನ್ನು ಮಕ್ಕಳಿಗಿಂತ ಮೊದಲು ಅಂಗಡಿಯವನಿಗೆ, ಅವರ ದೊಡ್ಡಪ್ಪ, ಮಾವಂದಿರಿಗೆ ಓದಿ ಹೇಳಬೇಕು. ಒಂದು ಪೀರಿಯಡ್ ಸಿಗುವುದಾದರೆ ‘ಮೊದಲ ಗ್ಲಾಸ್ ಯಾರು ಕೊಟ್ಟರು?’ ಎಂದು ಮೇಷ್ಟ್ರು ಕೇಳಲಿ.

ನನ್ನ ತಮ್ಮನಿಗೆ ಕೊಟ್ಟವರು ನಮ್ಮ ಮಾವನೇ. ಕೊಯ್ಲು ಮುಗಿದ ರಾತ್ರಿ, ಅಂಗಳದಲ್ಲಿ. ‘ಕುಡಿಯೋ, ಗಂಡಸಲ್ವಾ ನೀನು’ ಎಂದು ಬೆನ್ನು ತಟ್ಟಿದರು. ಅವನಿಗೆ 14. ನಾವು ಯಾರೂ ಬೇಡ ಅನ್ನಲಿಲ್ಲ. ಅಮ್ಮ ಮಾಡಿದ ಕಡುಬು, ನಾಟಿಕೋಳಿ ಸಾರನ್ನು ಅವನು ಆ ರಾತ್ರಿ ಹೊಟ್ಟೆ ತುಂಬ ಉಂಡಿದ್ದ.